ಓಪನ್ ಟ್ಯೂನಿಂಗ್ ಮಾಡಿದ್ರೆ ಗಿಟಾರ್ ಒಂದೇ ಬೆರಳಲ್ಲಿ ನುಡಿಸಬಹುದಾ? ತಂತಿ ಹರಿಯಲ್ವಾ?

ಎಫ್ ಕಾರ್ಡ್ ಹಿಡಿಯೋಕೆ ಬರದೆ ಆರು ತಿಂಗಳಿಂದ ಗಿಟಾರ್ ಮೂಲೆ ಸೇರಿದೆ, ನಮಗೆ ಬೇಕಾಗಿರೋದು ದೇವರನಾಮ, ಭಾವಗೀತೆ ಹಾಡೋವಾಗ ಜೊತೆಗೊಂದು ನಾದ ಅಷ್ಟೇ, ಅಂತ ಬರೆದಿದ್ದೀರಿ. ಹಾಗಿದ್ರೆ ಓಪನ್ ಟ್ಯೂನಿಂಗ್, ಅಂದ್ರೆ ಏನೂ ಒತ್ತದೆ ಮೀಟಿದ್ರೂ ಒಂದು ಕಾರ್ಡ್ (ಒಟ್ಟಿಗೆ ನುಡಿಯೋ ಸ್ವರಗಳ ಗುಂಪು) ಕೇಳೋ ಹಾಗೆ ತಂತಿ ಕಟ್ಟೋದು, ಧಾರಾಳವಾಗಿ ಮಾಡಿ. ಒಂದೇ ಬೆರಳು ಸಾಕಾ ಅಂದ್ರೆ, ಸುಮಾರು ಹಾಡಿಗೆ ಸಾಕು. ತಂತಿ ಹರಿಯುತ್ತಾ ಅನ್ನೋದು ನೀವು ಬಿರಡೆ ಯಾವ ಕಡೆ ತಿರುಗಿಸ್ತೀರಿ ಅನ್ನೋದರ ಮೇಲೆ.

ನಂದು ಚಿಂತಾಮಣಿ ಹತ್ತಿರದ ಹಳ್ಳಿ. ತಾತ ಭಜನೆ ಮನೆಯಲ್ಲಿ ತಂಬೂರಿ ಹಿಡಿದು ಕೈವಾರ ತಾತಯ್ಯನವರ ತತ್ವಪದ ಹಾಡೋರು, ಅರ್ಧ ಕನ್ನಡ, ಅರ್ಧ ತೆಲುಗು. ನಾನು ಕಾಲೇಜಿಗೆ ಸೇರಿದ ವರ್ಷ ಸೆಕೆಂಡ್ ಹ್ಯಾಂಡ್ ಗಿಟಾರ್ ತಂದು, ಯಾರೋ ಓಪನ್ ಇ ಚೆನ್ನಾಗಿರುತ್ತೆ ಅಂದಿದ್ದನ್ನ ಕೇಳಿ, ಭಜನೆ ಮನೆಯಲ್ಲೇ ಕೂತು ತಂತಿ ಬಿಗಿಯೋಕೆ ಶುರು ಮಾಡಿದೆ. ಓಪನ್ ಇ ಅಂದ್ರೆ (ತೆಳು ತಂತಿಯನ್ನ ಒಂದನೇದು ಅಂತ ಎಣಿಸಿ) ಐದನೇ ತಂತಿ, ನಾಲ್ಕನೇ ತಂತಿ ಎರಡೂ ಒಂದೊಂದು ಪೂರ್ತಿ ಸ್ವರ ಮೇಲೆ ಹೋಗಬೇಕು. ಅಷ್ಟಕ್ಕೇ ಎಳೆತ ಕಾಲು ಭಾಗದಷ್ಟು ಜಾಸ್ತಿ ಆಗುತ್ತೆ. ತುಕ್ಕು ಹಿಡಿದಿದ್ದ ನಾಲ್ಕನೇ ತಂತಿ ಟಪ್ ಅಂತ ಹರಿದು ಮುಂಗೈ ಮೇಲೆ ಬರೆ ಎಳೀತು. ತಾತ ಹಾಡು ನಿಲ್ಲಿಸಲಿಲ್ಲ. ಪದ ಮುಗಿದ ಮೇಲೆ, "ಇಳಿಸಿ ಕಟ್ಟೋ ಮಗ, ಏರಿಸಿ ಕಟ್ಟಬ್ಯಾಡ" ಅಂದ್ರು.

ಅದಕ್ಕೇ ಓಪನ್ ಡಿ ಮಾಡಿ. ಮಾಮೂಲಿ ಗಿಟಾರ್ ದಪ್ಪ ತಂತಿಯಿಂದ ಇ, ಎ, ಡಿ, ಜಿ, ಬಿ, ಇ. ಅದನ್ನ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ ಮಾಡಬೇಕು. ಐದನೇದು, ನಾಲ್ಕನೇದು ಮುಟ್ಟೋದೇ ಬೇಡ. ಆರನೇದನ್ನ ಇಳಿಸ್ತಾ ಬಂದು ನಾಲ್ಕನೇದರ ಕೆಳಗಿನ ಸ್ಥಾಯಿಗೆ ಕೂಡಿಸಿ. ಎರಡನೇದು ಐದನೇದರ ಮೇಲಿನ ಸ್ಥಾಯಿ, ಒಂದನೇದು ನಾಲ್ಕನೇದರ ಮೇಲಿನ ಸ್ಥಾಯಿ. ಮೂರನೇದನ್ನ, ನಾಲ್ಕನೇ ತಂತಿಯ ನಾಲ್ಕನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಕಂಬಿ) ಒತ್ತಿದಾಗ ಬರೋ ಸ್ವರಕ್ಕೆ ಸೇರಿಸಿ. ನಾಲ್ಕು ತಂತಿ ಇಳಿದವು, ಒಂದೂ ಏರಲಿಲ್ಲ. ಕತ್ತು ಬಾಗುತ್ತೆ ಅನ್ನೋ ಭಯವೂ ಬೇಡ, ಎಳೆತ ಕಮ್ಮಿಯೇ ಆಗಿರುತ್ತೆ. ಓಪನ್ ಇ ನಾದವೇ ಬೇಕಿದ್ರೆ ಎರಡನೇ ಫ್ರೆಟ್‌ಗೆ ಕ್ಯಾಪೊ (ಎಲ್ಲಾ ತಂತಿ ಒಟ್ಟಿಗೆ ಒತ್ತಿ ಹಿಡಿಯೋ ಕ್ಲಿಪ್) ಹಾಕಿ, ಮುಗೀತು.

ಈಗ ಡಿಯನ್ನ ಷಡ್ಜ ಅಂದ್ಕೊಂಡು ಇದನ್ನ ಸ್ವರದಲ್ಲಿ ಓದಿ: ಸ ಪ ಸ ಗ ಪ ಸ. ತಂಬೂರಿ ಪ ಸ ಸ ಸ. ನನಗೆ ಓಪನ್ ಟ್ಯೂನಿಂಗ್ ಅರ್ಥ ಆಗಿದ್ದೇ ಹೀಗೆ ಬರೆದುಕೊಂಡ ದಿನ. ಇದು ಕಾರ್ಡ್ ಕಲಿಯದೆ ತಪ್ಪಿಸಿಕೊಳ್ಳೋ ಒಳದಾರಿ ಅಂತ ಹೇಳಿಕೊಡ್ತಾರೆ, ನಾನು ಒಪ್ಪಲ್ಲ. ಗಿಟಾರನ್ನ ಬೇಕಾದಾಗ ಜಾಗ ಬದಲಾಯಿಸೋ ತಂಬೂರಿ ಅಂದ್ಕೊಳ್ಳಿ. ಏನೂ ಒತ್ತದೆ ಮೀಟಿದ್ರೆ ಷಡ್ಜ. ಒಂದು ಬೆರಳು ಐದನೇ ಫ್ರೆಟ್ ಮೇಲೆ ಅಡ್ಡ ಮಲಗಿಸಿದ್ರೆ ಮಧ್ಯಮದ ಕಾರ್ಡ್, ಏಳನೇದರ ಮೇಲೆ ಪಂಚಮದ ಕಾರ್ಡ್. ಭಾವಗೀತೆಗಳಲ್ಲಿ ಎಷ್ಟೋ ಈ ಮೂರರಲ್ಲೇ ಓಡುತ್ತವೆ. ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಎರಡು, ಅಂದ್ರೆ ಎರಡನೇ ಬಿಳಿ ಮನೆ, ಡಿ. ನಿಮ್ಮ ಗಂಟಲು ಕಪ್ಪು ಎರಡಾದ್ರೆ ಕ್ಯಾಪೊ ಒಂದನೇ ಫ್ರೆಟ್‌ಗೆ, ಬಿಳಿ ಐದಾದ್ರೆ ಐದನೇ ಫ್ರೆಟ್‌ಗೆ.

ಮೂರನೇ ತಂತಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಎಲ್ಲರೂ ಎಡವೋದು ಅಲ್ಲೇ. ಮೊಬೈಲ್ ಟ್ಯೂನರ್ ಹಸಿರು ತೋರಿಸೋ ಹಾಗೆ ಕಟ್ಟಿ, ಆರೂ ತಂತಿ ನಿಧಾನಕ್ಕೆ ಮೀಟಿ. ಏನೋ ಒಂದು ಚುಚ್ಚಿದ ಹಾಗೆ ಕೇಳುತ್ತೆ. ತಾತ ಕಣ್ಣು ಮುಚ್ಚಿ ಕೇಳಿ, "ಗಾಂಧಾರ ಏರಿದೆ" ಅಂದಿದ್ರು. ಟ್ಯೂನರ್ ತೋರಿಸಿದೆ ಅಂತ ನಾನು ವಾದ ಮಾಡಿದೆ. ಅವರು ತಂಬೂರಿ ಮೀಟಿ, ಕೊನೇ ಮಂದ್ರ ತಂತಿ ಆರೋ ಹೊತ್ತಿಗೆ ಕಿವಿ ಕೊಡು ಅಂದ್ರು. ಯಾರೂ ಕಟ್ಟದ ಗಾಂಧಾರ ಅದರೊಳಗಿಂದ ತಾನೇ ಎದ್ದು ಬರ್ತಿತ್ತು. ಸ್ವಯಂಭೂ ಗಾಂಧಾರ ಅಂತಾರಲ್ಲ, ಅದು. ಮಂದ್ರ ಷಡ್ಜದ ಐದರಷ್ಟು ಕಂಪನದ ಸ್ವರ. ಗಿಟಾರಿನ ಫ್ರೆಟ್‌ಗಳು ಸ್ಥಾಯಿಯನ್ನ ಹನ್ನೆರಡು ಸಮ ಭಾಗ ಮಾಡಿ ಕೂರಿಸಿದವು, ಅದರ ಗಾಂಧಾರ ಈ ಸಹಜ ಗಾಂಧಾರಕ್ಕಿಂತ ಸುಮಾರು 14 ಸೆಂಟ್ಸ್ ಮೇಲಿರುತ್ತೆ. ಅರ್ಧ ಸ್ವರಕ್ಕೆ 100 ಸೆಂಟ್ಸ್ ಅಂದ್ರೆ ಇದು ಅದರ ಏಳನೇ ಒಂದು ಭಾಗ. ಕಾಗದದ ಮೇಲೆ ಏನೂ ಅಲ್ಲ, ತಂಬೂರಿ ಕೇಳಿ ಬೆಳೆದ ಕಿವಿಗೆ ಹಲ್ಲಿಗೆ ಸಿಕ್ಕ ಕಲ್ಲು.

ಆದ್ದರಿಂದ ಮೂರನೇ ತಂತಿ ಒಂದು ಕೂದಲೆಳೆ ಇಳಿಸಿ. ಬೆರಳು ಅಡ್ಡ ಮಲಗಿಸಿ ನುಡಿಸೋವರೆಗೂ ಎಲ್ಲಾ ಕಡೆ ಅದೇ ಸವಿ ಇರುತ್ತೆ, ಯಾಕಂದ್ರೆ ಆರೂ ತಂತಿ ಒಟ್ಟಿಗೇ ಮೇಲೆ ಹೋಗ್ತವೆ. ಆದ್ರೆ ಅದೇ ತಂತಿಯ ಮೊದಲನೇ ಫ್ರೆಟ್‌ನಲ್ಲಿ ಒಂಟಿಯಾಗಿ ಮಧ್ಯಮ ಹಿಡಿದ್ರೆ ಅದು ಇಳಿದು ಕೇಳುತ್ತೆ. ನಾನು ಐದಾರು ಸೆಂಟ್ಸ್ ಮಾತ್ರ ಇಳಿಸಿ ರಾಜಿ ಮಾಡ್ಕೊಂಡಿದ್ದೀನಿ.

ರಾಗ ನೋಡಿ ಕಟ್ಟಿ. ಮೋಹನಕ್ಕೆ ಓಪನ್ ಡಿ ಹೇಳಿ ಮಾಡಿಸಿದ ಹಾಗಿರುತ್ತೆ. ಸಾಧಾರಣ ಗಾಂಧಾರ, ಅಂದ್ರೆ ಅಂತರ ಗಾಂಧಾರಕ್ಕಿಂತ ಅರ್ಧ ಸ್ವರ ಕೆಳಗಿನದು, ಬರೋ ಹಾಡಿಗೆ ಮೂರನೇ ತಂತಿ ಇನ್ನೂ ಅರ್ಧ ಸ್ವರ ಇಳಿಸಿ ಎಫ್ ಮಾಡಿ. ಆಗ ಅಂತರ ಗಾಂಧಾರ ಬೇಕಾದ ಕಡೆ ಮೊದಲನೇ ಫ್ರೆಟ್ ಒತ್ತಿದ್ರೆ ಸಿಗುತ್ತೆ. ಹಿಂದೋಳಕ್ಕೆ ಮಾತ್ರ ಇದು ಬೇಡವೇ ಬೇಡ. ಅದರಲ್ಲಿ ಪಂಚಮವೇ ಇಲ್ಲ, ಇಲ್ಲಿ ಎರಡೆರಡು ತಂತಿ ಪಂಚಮ ಕೂಗ್ತಿರುತ್ತೆ. ಡಿ ಎ ಡಿ ಜಿ ಎ ಡಿ ಅಂತ ಇನ್ನೊಂದಿದೆ, ಅದರಲ್ಲಿ ಗಾಂಧಾರದ ಬದಲು ಮಧ್ಯಮ. ಇಂಗ್ಲೆಂಡಿನ ಡೇವಿ ಗ್ರಹಾಂ 1960ರ ದಶಕದಲ್ಲಿ ಅದನ್ನ ಹಬ್ಬಿಸಿದ್ದು.

ಓಪನ್ ಜಿ ಬಗ್ಗೆಯೂ ಕೇಳಿದ್ದೀರಿ. ಅದು ಪ ಸ ಪ ಸ ಗ ಪ. ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಅದರ ಆರನೇ ತಂತಿಯನ್ನೇ ಕಿತ್ತು ಹಾಕಿ ಐದರಲ್ಲೇ ನುಡಿಸ್ತಾರೆ. ನಮ್ಮ ತಂಬೂರಿ ಶುರುವಾಗೋದೇ ಆ ಪಂಚಮದಿಂದ, ಅವರಿಗೆ ಅದೇ ಅಡ್ಡ. ನಿಮ್ಮ ಎಡಗೈಗೆ ಬಲ ಸಾಲದು ಅಂತ ಬೇಸರ ಬೇಡ. ಕೆನಡಾದ ಜೋನಿ ಮಿಚೆಲ್ ಅವರಿಗೆ ಒಂಬತ್ತನೇ ವಯಸ್ಸಿಗೆ ಪೋಲಿಯೊ ಆಗಿ ಎಡಗೈ ಸೋತಿತ್ತು, ಆ ಕಾರಣಕ್ಕೇ ಹತ್ತಾರು ಬೇರೆ ಬೇರೆ ಶ್ರುತಿ ಕಟ್ಟಿಕೊಂಡು ನುಡಿಸಿದ್ರು.

ನಷ್ಟವೂ ಇದೆ. ಕಲಿತ ಕಾರ್ಡುಗಳ ಆಕಾರ ಒಂದೂ ಇಲ್ಲಿ ನಡೆಯಲ್ಲ. ಹಾಡಿನ ಮಧ್ಯೆ ಶ್ರುತಿ ಬದಲಾಯಿಸೋ ಆರ್ಕೆಸ್ಟ್ರಾ ಜೊತೆ ಕೂತ್ರೆ ಒದ್ದಾಡ್ತೀರಿ. ಗಮಕಕ್ಕೆ ಅಂತ ಗಾಜಿನ ಔಷಧಿ ಬಾಟಲಿ ಬೆರಳಿಗೆ ಹಾಕಿ ಜಾರಿಸೋದಾದ್ರೆ, ಬಾಟಲಿ ಫ್ರೆಟ್ ಕಂಬಿಯ ನೇರ ಮೇಲೆ ಬರಬೇಕು, ಹಿಂದೆ ಅಲ್ಲ. ಒತ್ತಬೇಡಿ, ತಂತಿ ಮೇಲೆ ತೇಲಿಸಿ.

ಇಳಿಸಿದ ತಂತಿ ಸಡಿಲ ಆಗಿ ಫ್ರೆಟ್‌ಗೆ ತಾಗಿ ಝರ್ ಅಂದ್ರೆ ಸ್ವಲ್ಪ ದಪ್ಪದ ಸೆಟ್ ಹಾಕಿಸಿ, ಒಂದನೇ ತಂತಿಯ ದಪ್ಪ ಇಂಚಿನ ಸಾವಿರದ ಲೆಕ್ಕದಲ್ಲಿ 11ರ ಬದಲು 12 ಅಥವಾ 13. ನಾನು ಮೊದಲು ಆ ಝರ್ ಕೇಳಿ, ತಂಬೂರಿ ಕುದುರೆ ಮೇಲೆ ತಂತಿಯಡಿ ಇಡೋ ನೂಲು, ಜೀವಾಳ, ಅದರ ನಾದದ ಥರ ಇದೆ ಅಂತ ಖುಷಿ ಪಟ್ಟಿದ್ದೆ. ತಾತ ನಕ್ಕು, "ಅದು ಜೀವಾಳ ಅಲ್ಲಪ್ಪ, ಸಡಿಲ" ಅಂದ್ರು.