ಕೀ ಮರೆತರೆ ಎದೆ ಧಸಕ್ಕೆನ್ನುತ್ತೆ

ಪ್ರಶ್ನೆ: ನನಗೆ 53 ವರ್ಷ. ಅತ್ತೆಗೆ 84, ಮರೆವಿನ ಕಾಯಿಲೆ. ಆರು ವರ್ಷದಿಂದ ಸ್ನಾನ, ಊಟ, ಬಟ್ಟೆ ಎಲ್ಲಾ ನಾನೇ. ಉಂಡು ಹತ್ತು ನಿಮಿಷಕ್ಕೆ ‘ಊಟಾನೇ ಹಾಕಲಿಲ್ಲ’ ಅಂತ ಪಕ್ಕದ ಮನೆಯವರಿಗೆ ಹೇಳುತ್ತಾರೆ. ಅದು ಅಭ್ಯಾಸವಾಗಿದೆ. ಆದರೆ ಈಗೀಗ ನಾನೇ ಬೀರುವಿನ ಕೀ ಎಲ್ಲಿಟ್ಟೆ ಅಂತ ಹುಡುಕುವಾಗ ಎದೆ ಧಸಕ್ಕೆನ್ನುತ್ತೆ. ಮಗಳು ಪುಣೆಯಲ್ಲಿದ್ದಾಳೆ. ನನಗೂ ಹೀಗಾದರೆ ಯಾರು ಮಾಡುತ್ತಾರೆ ಮೇಡಂ?
– ಹೆಸರು ಬೇಡ, ತಿಪಟೂರು

ಉತ್ತರ: ಅತ್ತೆಯ ಮರೆವು ಸೊಸೆಗೆ ರಕ್ತದಲ್ಲಿ ಬರುವುದಿಲ್ಲ ತಾಯಿ! ಆ ಯೋಚನೆ ನಿಮ್ಮ ಯಜಮಾನರದ್ದು. ಅವರಿಗೂ ಬಂದೇ ಬರುತ್ತೆ ಅಂತೇನಿಲ್ಲ. ಕೀ ಎಲ್ಲಿಟ್ಟೆ ಅಂತ ಹುಡುಕುವುದು ಬೇರೆ, ಕೀ ಕೈಯಲ್ಲಿ ಹಿಡಿದು ಇದು ಯಾತಕ್ಕೆ ಅನ್ನುವುದು ಬೇರೆ. ಆರು ವರ್ಷ ನಿದ್ದೆಗೆಟ್ಟವರು ಕೀ ಮರೆಯದೆ ಇರುತ್ತಾರಾ? ಆದರೂ ಮರೆವು ಜಾಸ್ತಿಯಾಗುತ್ತಿದೆ ಅನ್ನಿಸಿದರೆ ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ತೊಂದರೆ, ಬಿ12 ಕೊರತೆ ಇದ್ದರೂ ಹೀಗಾಗುತ್ತದೆ.

ನಾನೂ ಅತ್ತೆಯನ್ನು ಒಂಬತ್ತು ವರ್ಷ ನೋಡಿಕೊಂಡವಳು. ಏನು ಕೇಳಿದರೂ ‘ಹ್ಞೂಂ’ ಅನ್ನುತ್ತಿದ್ದರು. ಪಾಪ, ಯಾವುದಕ್ಕೂ ತಕರಾರಿಲ್ಲ ಅಂದುಕೊಂಡಿದ್ದೆವು. ಒಂದು ಬೆಳಿಗ್ಗೆ ‘ಅಮ್ಮಾ, ಉಪ್ಪಿಟ್ಟಾ ದೋಸೆಯಾ?’ ಅಂದೆ. ‘ಹ್ಞೂಂ’ ಅಂದರು. ಇನ್ನೊಮ್ಮೆ ಕೇಳಿದೆ. ನನ್ನ ತುಟಿಯನ್ನೇ ನೋಡುತ್ತಾ ಮತ್ತೆ ‘ಹ್ಞೂಂ.’ ಕಿವಿ ಕೇಳಿಸುತ್ತಿರಲಿಲ್ಲ. ಎಷ್ಟು ವರ್ಷದಿಂದಲೋ!

‘ಲ್ಯಾನ್ಸೆಟ್’ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗದ 2024ರ ವರದಿ ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವ, ಆದರೆ ನಾವು ಸರಿಪಡಿಸಿಕೊಳ್ಳಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿದೆ. ಬಿಪಿ, ಶುಗರ್, ಒಂಟಿತನದ ಜೊತೆ ಕಿವಿ ಮಂದವಾಗುವುದೂ ಅದರಲ್ಲಿದೆ. ಅತ್ತೆ ತೀರಿಕೊಂಡ ವರ್ಷವೇ ನಾನು ಕಿವಿ ಪರೀಕ್ಷೆ ಮಾಡಿಸಿದೆ. ಬಲಗಿವಿಗೆ ಮಿಷನ್ ಬಂತು. ‘ಇಷ್ಟು ಬೇಗ ಯಾಕಮ್ಮ?’ ಅಂದ ಮಗ. ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿದಾಗಲೂ ಇದೇ ಪ್ರಶ್ನೆ. ಅವನ ಅಜ್ಜಿ ಅಲ್ಲೇ ಜಾರಿ ಬಿದ್ದದ್ದು ಅವನಿಗೆ ನೆನಪಿಲ್ಲ. ಎತ್ತಿದವಳು ನಾನಲ್ವಾ?

ನನ್ನನ್ನು ಯಾರು ನೋಡುತ್ತಾರೆ ಅನ್ನುವುದಕ್ಕೆ ನನ್ನಲ್ಲೂ ಉತ್ತರವಿಲ್ಲ. ಮಗಳು ಊರಿಗೆ ಬಂದಾಗ ಈ ಮಾತು ತೆಗೆಯಿರಿ, ನುಂಗಿಕೊಳ್ಳಬೇಡಿ.

ಇನ್ನೊಂದು. ನಿಮ್ಮ ಪತ್ರದಲ್ಲಿ ಯಜಮಾನರು ಒಂದು ಸಾಲಿನಲ್ಲೂ ಬರಲಿಲ್ಲ. ಭಾನುವಾರ ಮಧ್ಯಾಹ್ನ ಅವರೇ ತಾಯಿಗೆ ಊಟ ಮಾಡಿಸಲಿ, ನೀವು ಕದ ಹಾಕಿಕೊಂಡು ಮಲಗಿ. ‘ಊಟಾನೇ ಹಾಕಲಿಲ್ಲ’ ಅನ್ನುವ ದೂರು ಅವತ್ತೊಂದು ದಿನ ಅವರ ಮೇಲೆ ಬರಲಿ.