ಎರಡನೇ ಕುರ್ಚಿಗೂ ಮತ ಬೇಕು

ದಾವಣಗೆರೆಯ ಓದುಗರೊಬ್ಬರ ಪತ್ರ: ‘ಹೈದರಾಬಾದಿನಲ್ಲಿ ಹುಟ್ಟಿದ ಘಜಾಲಾ ಹಾಶ್ಮಿ 2025ರ ನವೆಂಬರಿನಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಚುನಾವಣೆ ಗೆದ್ದರೆಂದು ಪತ್ರಿಕೆಗಳು ಸಂಭ್ರಮಿಸಿದವು. ವಿಚಾರಿಸಿದರೆ ಅದು ಅರೆಕಾಲಿಕ ಹುದ್ದೆ. ಅಧಿಕಾರವಿಲ್ಲದ ಕುರ್ಚಿಗೆ ರಾಜ್ಯವಿಡೀ ಮತ ಹಾಕಬೇಕೇ? ಗವರ್ನರೇ ಒಬ್ಬರನ್ನು ಆರಿಸಿಕೊಂಡರೆ ಸಾಲದೇ?’

ಮಾನ್ಯರೇ, ಹುದ್ದೆಯ ಕೆಲಸವೇನೆಂದು ವಿಚಾರಿಸಿದಿರಲ್ಲ, ಬಹಳ ಸಂತೋಷ. ಅಲ್ಲಿನ ಗವರ್ನರ್ ಎಂದರೆ ಜನರೇ ಚುನಾಯಿಸುವ, ನಮ್ಮ ಮುಖ್ಯಮಂತ್ರಿಯಂತೆ ರಾಜ್ಯದ ಆಡಳಿತ ನಡೆಸುವವರು; ಲೆಫ್ಟಿನೆಂಟ್ ಗವರ್ನರ್ ಅವರ ನಂತರದವರು, ಆ ಸ್ಥಾನ ತೆರವಾದರೆ ಅಲ್ಲಿಗೆ ಬರುವವರು. ನಮ್ಮ ಪತ್ರಿಕೆಗಳು ಹುಟ್ಟಿದೂರಿನಿಂದ ಮುಂದಕ್ಕೆ ಹೋಗಲೇ ಇಲ್ಲ. ನೀವು ಹೇಳುವಂಥ ಏರ್ಪಾಡು ಪಕ್ಕದ ಮೇರಿಲ್ಯಾಂಡಿನಲ್ಲಿದೆ: ಗವರ್ನರ್, ಲೆಫ್ಟಿನೆಂಟ್ ಗವರ್ನರ್ ಇಬ್ಬರೂ ಜೋಡಿಯಾಗಿ ನಿಲ್ಲುತ್ತಾರೆ, ಜೋಡಿಗೆ ಒಂದೇ ಮತ. ಹೈದರಾಬಾದಿನಲ್ಲೇ ಹುಟ್ಟಿದ ಅರುಣಾ ಮಿಲ್ಲರ್ 2022ರಲ್ಲಿ ಗೆದ್ದದ್ದು ಹಾಗೆ. ಅದರಲ್ಲಿ ಜಗಳ ಕಡಿಮೆ, ಒಪ್ಪಿದೆ.

ಆದರೆ ‘ಅಧಿಕಾರವಿಲ್ಲದ ಕುರ್ಚಿ’ ಎಂದದ್ದು ಆತುರದ ಮಾತಾಯಿತು. ವರ್ಜೀನಿಯಾ ಸೆನೆಟ್ಟಿನಲ್ಲಿ, ಅಂದರೆ ಆ ರಾಜ್ಯದ ಶಾಸಕಾಂಗದ ಮೇಲ್ಮನೆಯಲ್ಲಿ, 40 ಸದಸ್ಯರು. ಅಧ್ಯಕ್ಷಪೀಠ ಲೆಫ್ಟಿನೆಂಟ್ ಗವರ್ನರದ್ದು, ಮತ ಸಮವಾದರೆ ತೀರ್ಮಾನವೂ ಅವರದ್ದೇ. 2012ರಲ್ಲಿ ಎರಡೂ ಪಕ್ಷಕ್ಕೆ 20–20 ಸ್ಥಾನ ಬಂದಾಗ, ರಿಪಬ್ಲಿಕನ್ ಪಕ್ಷದ ಬಿಲ್ ಬೋಲಿಂಗ್ ಆ ಪೀಠದಲ್ಲಿದ್ದ ಕಾರಣಕ್ಕೇ ಸದನದ ಹಿಡಿತ ಅವರ ಪಕ್ಷಕ್ಕೆ ಹೋಯಿತು.

ನನಗೆ ಹೆಚ್ಚು ಪ್ರಿಯವಾದದ್ದು ಡಗ್ಲಸ್ ವೈಲ್ಡರ್ ಅವರ ಕತೆ. ಗುಲಾಮರ ಮೊಮ್ಮಗ. ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧಕ್ಕಿಳಿದ ರಾಜ್ಯಗಳ ರಾಜಧಾನಿಯಾಗಿದ್ದ ಅದೇ ರಿಚ್ಮಂಡಿನಲ್ಲಿ ಹುಟ್ಟಿದವರು. 1985ರಲ್ಲಿ ಅವರು ಗೆದ್ದದ್ದು ಈ ಎರಡನೇ ಕುರ್ಚಿಯನ್ನು. ಗವರ್ನರ್ ಹುದ್ದೆಗೆ ಅಲ್ಲಿ ಪ್ರತ್ಯೇಕ ಮತ, ಆದ್ದರಿಂದ ಅವರು ಯಾರ ನೆರಳಿನಲ್ಲೂ ಗೆದ್ದವರಲ್ಲ. ನಾಲ್ಕು ವರ್ಷದ ಬಳಿಕ, ಏಳು ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ, ಅಮೆರಿಕದ ಜನ ಚುನಾಯಿಸಿದ ಮೊತ್ತಮೊದಲ ಕಪ್ಪು ಗವರ್ನರ್ ಆದರು. ಒಬ್ಬ ಗವರ್ನರ್ ತನ್ನ ಅನುಕೂಲ ನೋಡಿ ಆರಿಸುವುದಾಗಿದ್ದರೆ 1985ರಲ್ಲಿ ಅವರ ಹೆಸರು ಬರುತ್ತಿತ್ತೇ?

ನಮ್ಮೂರಿನ ಹಾಲಿನ ಸೊಸೈಟಿಯಲ್ಲಿ ಉಪಾಧ್ಯಕ್ಷರನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಅಧ್ಯಕ್ಷರು ಹಠಾತ್ತನೆ ತೀರಿಕೊಂಡರು. ಬಟವಾಡೆಯ ಚೆಕ್ಕಿಗೆ ಸಹಿ ಬೇಕಾದಾಗ ಊರೆಲ್ಲ ಉಪಾಧ್ಯಕ್ಷರ ಮನೆ ಬಾಗಿಲಲ್ಲಿ ನಿಂತಿತ್ತು. ಚಿಕ್ಕವನಾಗಿ ಅದನ್ನು ಕಂಡವನು ನಾನು.

ಈಗ ನಮ್ಮ ರಾಜ್ಯ ನೋಡಿ. ಉಪಮುಖ್ಯಮಂತ್ರಿ ಎಂಬ ಹುದ್ದೆಯ ಹೆಸರು ಸಂವಿಧಾನದಲ್ಲೇ ಇಲ್ಲ. ಜಾತಿ, ಬಣ, ಪ್ರದೇಶ ತೂಗಿ ಹಂಚುತ್ತಾರೆ. 2019ರಲ್ಲಿ ಒಟ್ಟಿಗೇ ಮೂವರಿದ್ದರು. ಅವರಲ್ಲಿ ಯಾರನ್ನು ಆ ಸ್ಥಾನಕ್ಕೆಂದು ನೀವು ಆರಿಸಿದ್ದಿರಿ? ಇನ್ನು ಲೆಫ್ಟಿನೆಂಟ್ ಗವರ್ನರ್ ಎಂಬ ಅದೇ ಹೆಸರು ಹೊತ್ತವರು ದೆಹಲಿಯಲ್ಲಿ ನೇಮಕವಾಗಿ ಬರುತ್ತಾರೆ. ಜನ ಗೆಲ್ಲಿಸಿದ ಸರ್ಕಾರ ತನ್ನ ಅಧಿಕಾರವೆಷ್ಟೆಂದು ತಿಳಿಯಲು ಸುಪ್ರೀಂ ಕೋರ್ಟಿಗೆ ಅಲೆಯಬೇಕಾಯಿತು, 2018ರಲ್ಲಿ ತೀರ್ಪು ಬಂದರೂ ಮುಗಿಯದೆ 2023ರಲ್ಲಿ ಮತ್ತೊಂದು. ಆ ಕುರ್ಚಿಗೆ ದೆಹಲಿಯ ಮತದಾರ ಇಂದಿಗೂ ಒಂದೇ ಒಂದು ಮತ ಹಾಕಿಲ್ಲ.