ಇಳಿದ ನೀರಿಗೆ ಉಪ್ಪುನೀರು ಬೇಡ, ಸಿಹಿನೀರು ಹಾಕಿ

ನಿಮ್ಮ 100 ಲೀಟರ್ ಸಮುದ್ರ ಅಕ್ವೇರಿಯಂ ಟ್ಯಾಂಕಿನಲ್ಲಿ ನೀರು ಇಳಿದಾಗಲೆಲ್ಲ ಉಪ್ಪುನೀರು ಹಾಕಿದ್ದೀರಿ, ಈಗ ಉಪ್ಪಿನಂಶ ತೋರಿಸುವ ಸಾಂದ್ರತೆಯ ರೀಡಿಂಗ್ 1.029, ಜೋವಾಂಥಸ್ ಹವಳ ವಾರದಿಂದ ಮುಚ್ಚಿಕೊಂಡಿದೆ ಅಂದಿದ್ದೀರಿ. ಕಾರಣ ಅದೇ ಇರಬೇಕು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಅದರ ಮೇಲೆ ಮತ್ತೆ ಉಪ್ಪುನೀರು ಸುರಿದರೆ ಜಾಸ್ತಿ ಆಗದೆ ಇನ್ನೇನು?

ಮೊದಲು ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು) ದ್ರಾವಣದಲ್ಲಿ ಸರಿಪಡಿಸಿಕೊಳ್ಳಿ. ಸುಳ್ಳು ರೀಡಿಂಗ್ ನಂಬಿ ನಾನು ಒಂದು ತಿಂಗಳು ಒದ್ದಾಡಿದ್ದೇನೆ. ಆಮೇಲೂ 1.029 ಬಂದರೆ ದಿನಕ್ಕೆ ಎರಡು ಲೀಟರ್ ಟ್ಯಾಂಕ್ ನೀರು ತೆಗೆದು, ಅಷ್ಟೇ ಸಿಹಿನೀರು ನಿಧಾನವಾಗಿ ಬಿಡಿ. ಏಳೆಂಟು ದಿನದಲ್ಲಿ 1.025ರ ಹತ್ತಿರ ಬರುತ್ತದೆ. ದಯವಿಟ್ಟು ಒಂದೇ ದಿನ ಇಳಿಸಬೇಡಿ, ಹವಳ ತಡೆಯುವುದಿಲ್ಲ.

ಸಿಹಿನೀರು ಅಂದರೆ ಬೋರ್‌ವೆಲ್ ನೀರಲ್ಲ. ಅಡುಗೆಮನೆಯ ಆರ್‌ಓ ನೀರಿನಲ್ಲೂ ಸ್ವಲ್ಪ ಟಿಡಿಎಸ್ (ಕರಗಿದ ಲವಣಾಂಶ) ಉಳಿದಿರುತ್ತದೆ, ಕೆಲವು ಯಂತ್ರಗಳು ಖನಿಜ ಬೇರೆ ಸೇರಿಸುತ್ತವೆ. ಉಳಿದ ಲವಣವನ್ನೂ ಹೀರುವ ಡಿಐ ರೆಸಿನ್ ದಾಟಿ ಸೊನ್ನೆ ಟಿಡಿಎಸ್ ಬಂದ ನೀರೇ ಬೇಕು.

ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಟೇಪ್ ಅಂಟಿಸಿ. ಸಂಪ್ (ಟ್ಯಾಂಕಿನ ಕೆಳಗಿಡುವ ಫಿಲ್ಟರ್ ತೊಟ್ಟಿ) ಇದ್ದರೆ ಟೇಪ್ ಅಲ್ಲಿರಲಿ, ನೀರು ಇಳಿಯುವುದು ಕಾಣುವುದು ಅಲ್ಲೇ. ನಮ್ಮ ಬೇಸಿಗೆಯಲ್ಲಿ ಫ್ಯಾನ್ ಹಾಕಿದರಂತೂ ಬೇಗ ಇಳಿಯುತ್ತದೆ. ಬೆಳಗ್ಗೆ ಸಂಜೆ ಟೇಪಿನ ತನಕ ತುಂಬಿಸಿ ಸಾಕು. ಉಪ್ಪುನೀರು ಬೇಕಾಗುವುದು ನೀರು ಬದಲಿಸುವಾಗ ಮಾತ್ರ.